ತಿಪ್ಪವ್ವನ ಹೆಸರು

ಜನ ಹೆಚ್ಚು ಇಟ್ಟುಕೊಳ್ಳದ ಹೆಸರುಗಳನ್ನು ಸರ್ಕಾರ ವರ್ಷವರ್ಷವೂ ಅಳಿಸುತ್ತ ಬಂದು, ಹುಟ್ಟುವ ಹೆಣ್ಣುಮಕ್ಕಳಿಗೆ ಈಗ ಉಳಿದದ್ದು ಆರಾಧ್ಯ ಒಂದೇ. ಅಳಿದ ಹೆಸರಿನವರು ಅದನ್ನು ಸಾಯುವ ತನಕ ಇಟ್ಟುಕೊಳ್ಳಬಹುದು, ಯಾರಿಗೂ ಕೊಡುವಂತಿಲ್ಲ.

ತಿಪ್ಪವ್ವನ ಮೊಮ್ಮಗಳು ದಿನ ತುಂಬುವ ಮುಂಚೆಯೇ ಹುಟ್ಟಿ, ಆಸ್ಪತ್ರೆಯ ಬಿಸಿ ತೊಟ್ಟಿಲಲ್ಲಿ ಮಲಗಿದ್ದಳು. ಮಗಳು ಹುಲಿಗೆವ್ವ ಮೊದಲು ಹೆತ್ತ ಎರಡೂ ಹೆಣ್ಣುಕೂಸು ಉಳಿದಿರಲಿಲ್ಲ.

“ಯವ್ವಾ, ಇದಕ್ಕ ನಿನ್ನ ಹೆಸರ ಇಡು. ನೀ ಹೆಂಗ ಉಳದಿ?” ಎಂದಳು ಹುಲಿಗೆವ್ವ.

“ನನಗಿಂತ ಮುಂಚಿನವು ಎಲ್ಲಾ ಸತ್ತಿದ್ವು. ನಮ್ಮವ್ವ ನನ್ನ ತಿಪ್ಪ್ಯಾಗ ಹೊಳ್ಳಾಡಿಸಿ ತಿಪ್ಪವ್ವ ಅಂದ್ಲು. ಈ ಕಸ ಯಾರಿಗೆ ಬೇಕಂತ ಸಾವು ಮೂಗು ಮುಚ್ಚಿಗೊಂಡು ಹೋತು.”

ಇಬ್ಬರೂ ನಕ್ಕರು. ತಿಪ್ಪವ್ವ ಸೆರಗಿನ ಗಂಟು ಬಿಚ್ಚಿ, ತಂದಿದ್ದ ಚಿಟಿಕೆ ತಿಪ್ಪೆಮಣ್ಣನ್ನು ಕೂಸಿನ ಅಂಗಾಲಿಗೆ ಸವರಿ, ಕಿವಿಯಲ್ಲಿ ತನ್ನ ಹೆಸರು ಉಸುರಿದಳು.

ತೊಟ್ಟಿಲ ದೀಪ ಆರಿತು. ಬಿಸಿ ನಿಂತಿತು.

“ಅಳಿಸಿದ ಹೆಸರು ಕರದ್ರ ಅದು ಹಂಗ ಮಾಡತೈತಿ ಅಜ್ಜಿ,” ಎಂದಳು ನರ್ಸ್, ದಿನವೂ ಹೇಳುವ ಮಾತಿನಂತೆ. “ಸರಿಯಾದ ಹೆಸರು ಕರೀರಿ, ಮತ್ತ ಬಿಸಿ ಆಗತೈತಿ.”

ಕೂಸಿನ ತುಟಿ ನೀಲಿಗಟ್ಟುತ್ತಿತ್ತು. “ಕರಿ ಯವ್ವಾ,” ಎಂದು ಹುಲಿಗೆವ್ವ ಕೈ ಮುಗಿದಳು.

“ಆರಾಧ್ಯ,” ಎಂದಳು ತಿಪ್ಪವ್ವ, ಪಿಸುದನಿಯಲ್ಲಿ.

“ಗಟ್ಟಿಯಾಗಿ ಕರೀರಿ, ತೊಟ್ಟಿಲಿಗೆ ಕೇಳಸಂಗಿಲ್ಲ,” ಎಂದಳು ನರ್ಸ್.

ಸತ್ತ ಎರಡೂ ಕೂಸುಗಳನ್ನು ಮಣ್ಣು ಮಾಡುವಾಗ ಕರೆದು ಅತ್ತಿದ್ದ ಅದೇ ಹೆಸರನ್ನು, ತಿಪ್ಪವ್ವ ಸಾವಿಗೂ ಕೇಳುವಂತೆ ಕೂಗಿದಳು. ತೊಟ್ಟಿಲು ಬೆಚ್ಚಗಾಯಿತು. ನರ್ಸ್ ಹತ್ತಿಯಿಂದ ಅಂಗಾಲಿನ ಮಣ್ಣು ಒರೆಸಿ ಹಾಕಿದಳು.

ತಿಪ್ಪವ್ವ ತೊಟ್ಟಿಲಿಗೆ ಬೆನ್ನು ಕೊಟ್ಟು, ಬಾಗಿಲು ಕಾಯುತ್ತ ಕುಳಿತಳು.