ತುಟಿ ಕಾಣುವ ಟಿವಿ

“ಎರಡರದೂ ದನಿ ಬಂದ್ ಮಾಡ್ರಿ” ಎಂದಳು ಶಾಂತಕ್ಕ.

ಕುಷ್ಟಗಿ ಬಸ್ ನಿಲ್ದಾಣದ ಹಿಂದಿನ ಸಣ್ಣ ಅಂಗಡಿಯಲ್ಲಿ ಎರಡು ಟಿವಿಗಳು ಗೋಡೆಯ ಮೇಲೆ ಅಕ್ಕಪಕ್ಕ ಹತ್ತಿಕೊಂಡಿದ್ದವು. ಎರಡರಲ್ಲೂ ಅದೇ ಸುದ್ದಿ, ಅದೇ ವಾರ್ತೆ ಓದುವವಳು. ಅಂಗಡಿಯ ಮಕ್ಬುಲಸಾಬ ರಿಮೋಟ್ ಹಿಡಿದುಕೊಂಡೇ ನಕ್ಕ. “ದನಿ ತಗದು ಟಿವಿ ಆರಿಸಿ ತಗೊಳ್ಳಾಕ ಬಂದವರು ನೀವ ಮೊದಲು ನೋಡ್ರಿ ಅಕ್ಕಾರ. ಈ ಸ್ಮಾರ್ಟ್ ಟಿವಿ ತಗೋರಿ, ಬಾಯಿಲೆ ಹೇಳಿದ್ರ ಸಾಕು, ಬೇಕಾದ್ದು ಹುಡುಕಿ ಕೊಡ್ತೈತಿ. ಆ ಕಡೆದು ಬರೇ ಟಿವಿ. ಚಿತ್ರ ಛಲೋ ಐತಿ, ಅಷ್ಟ. ಎರಡರ ರೇಟೂ ಒಂದ.”

“ನನ್ನ ಮಗಳಿಗೆ ಕಿವಿ ಕೇಳೂದಿಲ್ರಿ. ತುಟಿ ನೋಡಿ ಮಾತು ಹಿಡೀತಾಳ.”

ಮಕ್ಬುಲಸಾಬನ ನಗು ನಿಂತಿತು. ದನಿ ತೆಗೆದು ಪಕ್ಕಕ್ಕೆ ಸರಿದ. ಶಾಂತಕ್ಕನ ಹಿಂದೆ ನಿಂತಿದ್ದ ಕವಿತಾ ಮುಂದೆ ಬಂದಳು. ಐದನೇ ತರಗತಿಯಲ್ಲಿ ಬಂದ ಮಿದುಳು ಜ್ವರ ಅವಳ ಕಿವಿಯನ್ನು ಒಯ್ದು ಮಾತನ್ನು ಬಿಟ್ಟುಹೋಗಿತ್ತು. ಈಗ ಎಂಟನೆಯ ತರಗತಿ. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಹುಡುಗಿಯರೆಲ್ಲ ಗುಂಪಾಗಿ ಹಿಂದಿನ ದಿನದ ರಾಣಿ ಧಾರಾವಾಹಿಯ ಮಾತೇ ಆಡುತ್ತಿದ್ದರು. ಎಲ್ಲರೂ ಒಮ್ಮೆಲೇ ಬಾಯಿ ತೆರೆದರೆ ಕವಿತಾ ಯಾರ ತುಟಿ ನೋಡಬೇಕು? ನೀರು ಕುಡಿಯುವ ನೆಪ ಮಾಡಿ ನಲ್ಲಿಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಕಥೆ ಮೊದಲೇ ಗೊತ್ತಿದ್ದರೆ ತಾನೂ ಗುಂಪಿನೊಳಗೆ ನಿಲ್ಲಬಹುದು ಎಂದು ಅವ್ವನಿಗೆ ಹೇಳಿದ್ದಳು. ಟಿವಿ ಬೇಕಾಗಿದ್ದು ಅದಕ್ಕೆ.

“ಸ್ಮಾರ್ಟ್‌ನಾಗ ಕೆಳಗ ಅಕ್ಷರಾನೂ ಬರ್ತಾವ ತಂಗಿ, ಓದಬಹುದು” ಎಂದು ಮಕ್ಬುಲಸಾಬ ಒಂದು ವಿಡಿಯೊ ಹಚ್ಚಿದ. ಇಂಗ್ಲಿಷ್ ಅಕ್ಷರಗಳು ಬಂದವು, ಓದುವುದರೊಳಗೆ ಓಡಿಹೋದವು. ಮೇಲೆ ಮಾತಾಡುತ್ತಿದ್ದವನ ಬಾಯಿ ಅರ್ಧ ಒರೆಸಿದ ಪಾಟಿಯ ಹಾಗೆ ಮಬ್ಬಾಗಿತ್ತು. ಕವಿತಾ ಪಕ್ಕದ ಟಿವಿಗೆ ತಿರುಗಿ ವಾರ್ತೆಯವಳ ತುಟಿಗೆ ಕಣ್ಣು ನೆಟ್ಟಳು. ಸ್ವಲ್ಪ ಹೊತ್ತಾದ ಮೇಲೆ, ತನಗೇ ಕೇಳದ ಎತ್ತರದ ದನಿಯಲ್ಲಿ ಕೂಗಿದಳು: “ಅವ್ವಾ, ನಾಳಿ ಕಾಲುವಿಗೆ ನೀರು ಬಿಡ್ತಾರಂತ!”

ರಸ್ತೆಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಶಾಂತಕ್ಕ ಅವರ ಕಡೆ ನೋಡಲಿಲ್ಲ. “ಇದನ್ನ ಕಟ್ರಿ” ಎಂದಳು. “ಇವರಪ್ಪ ಸ್ಮಾರ್ಟ್ ತರಾಕ ಹೇಳಿದ್ರು. ಬೈದ್ರ ಬೈಲಿ.”

ಹನುಮಸಾಗರದ ಮನೆಯಲ್ಲಿ ಅದನ್ನು, ಹಳೆಯ ಟಿವಿ ಕೆಟ್ಟಾಗಿನಿಂದ ಸುಮ್ಮನೆ ಬಿದ್ದಿದ್ದ ಡಿಶ್ಶಿಗೆ ಜೋಡಿಸುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ಗಂಡ ಬಾಲಪ್ಪ ಗುಡ್ಡದ ಗಾಳಿಯಂತ್ರಗಳ ಕಾವಲಿಗೆ ಹೋಗಿದ್ದ. ಶಾಂತಕ್ಕ ರೊಟ್ಟಿ ಬಡಿಯುತ್ತಲೇ ಬಾಯಿಯ ಹತ್ತಿರ ಕೈ ತಂದು ಉಣ್ಣು ಎಂದಳು. ಬಾ, ಉಣ್ಣು, ಮಲಗು. ಕೆಲಸಗಳ ನಡುವೆ ಸವೆದು ಸವೆದು ಈ ಮನೆಯಲ್ಲಿ ಕವಿತಾಳ ಜೊತೆಗಿನ ಮಾತು ಇಷ್ಟೇ ಸನ್ನೆಗಳಿಗೆ ಬಂದು ನಿಂತಿತ್ತು. ಹುಡುಗಿ ತಾಟು ಹಿಡಿದು ಟಿವಿಯ ಮುಂದೆ ಕೂತಳು. ರಾಣಿ ಬಂದಳು. ಅವಳ ಮೂಗುತಿಯ ಹರಳುಗಳು ಕೂಡ ಬೇರೆಬೇರೆಯಾಗಿ ಹೊಳೆಯುವಷ್ಟು ಚಿತ್ರ ನಿಚ್ಚಳವಾಗಿತ್ತು. ಕವಿತಾ ಮುಂದಕ್ಕೆ ಸರಿದಳು. ಇನ್ನೂ ಸರಿದಳು. ಮುರಿದ ರೊಟ್ಟಿ ಕೈಯಲ್ಲೇ ಉಳಿಯಿತು.

“ಅವ್ವಾ, ಇವರು ನಮ್ಮ ಮಾತು ಆಡವಲ್ರು.”

ಶಾಂತಕ್ಕನಿಗೆ ಕೇಳುತ್ತಿದ್ದುದು ಸ್ವಚ್ಛ ಕನ್ನಡ. ಹಿಟ್ಟಿನ ಕೈ ಒರೆಸಿಕೊಂಡು ಬಂದು, ಎರಡೂ ಕಿವಿಗೆ ಬೆರಳಿಟ್ಟು ನೋಡಿದಳು. ಒಲೆಯ ಸದ್ದು ಹೋಯಿತು, ಓಣಿಯ ಸದ್ದು ಹೋಯಿತು. ರಾಣಿಯ ತುಟಿ ಬೇರೆಯೇ ಏನನ್ನೋ ಆಡುತ್ತಿತ್ತು. ಹಿಂದಿಯಲ್ಲಿ ತೆಗೆದ ಧಾರಾವಾಹಿ ಅದು. ಕನ್ನಡವನ್ನು ಆಮೇಲೆ ಮೇಲಿಂದ ಹಚ್ಚಿದ್ದರು. ಇಷ್ಟು ದಿನ ಪಕ್ಕದ ಮನೆಯಲ್ಲಿ ಕೂತು ನೋಡಿದರೂ ಶಾಂತಕ್ಕನಿಗೆ ಅದು ಒಮ್ಮೆಯೂ ಕಂಡಿರಲಿಲ್ಲ.

ಅವ್ವನ ಮುಖ ನೋಡಿದ ಕವಿತಾ ರಿಮೋಟನ್ನು ಮೆಲ್ಲಗೆ ಕೆಳಗಿಟ್ಟಳು. “ಇರಲಿ ಬಿಡವ್ವ. ಚಿತ್ರ ಛಲೋ ಅದಾವ.”

ಶಾಂತಕ್ಕ ಹೋಗಿ ಒಲೆ ಆರಿಸಿದಳು. ಮಣೆ ತಂದು ಟಿವಿಯ ಪಕ್ಕದಲ್ಲಿ ಹಾಕಿ, ಅದಕ್ಕೆ ಬೆನ್ನು ಕೊಟ್ಟು, ಮಗಳ ಕಡೆ ಮುಖ ಮಾಡಿ ಕೂತಳು. “ನಾ ಹೇಳ್ತೀನಿ. ನನ್ನ ಬಾಯಿ ನೋಡು. ರಾಣಿ ಕೇಳ್ತಾಳ, ನನ್ನ ಉಂಗುರ ಯಾರು ಒಯ್ದಾರ? ಮೈದುನ ಅಂತಾನ, ನನಗೇನ ಗೊತ್ತು ವೈನಿ?”

“ಇಷ್ಟ ಮೆತ್ತಗ ಅಂತಾನೇನು?”

“ಇಲ್ಲ, ಭಾಳ ಸೊಕ್ಕಿಲೆ ಅಂತಾನ.” ಶಾಂತಕ್ಕ ಹುಬ್ಬು ಏರಿಸಿ, ಎದೆ ಸೆಟೆಸಿ ತೋರಿಸಿದಳು.

“ನಿನ್ನ ಮಾರಿಗೆ ಸೊಕ್ಕು ಒಪ್ಪೂದಿಲ್ಲ ಬೇ!” ಕವಿತಾ ತಾಟು ಕೆಳಗಿಟ್ಟು ನಕ್ಕಳು.

ಶಾಂತಕ್ಕ ರಾಣಿಯಾದಳು, ಮೈದುನನಾದಳು, ಮುದಿ ಮಂತ್ರಿಯಾಗಿ ಕೆಮ್ಮಿದಳು. ಗಂಟಲು ಒಣಗಿತು. ಬಹಳ ದಿನಗಳಿಂದ ಅವಳು ಮಗಳೊಂದಿಗೆ ಒಂದೇ ಸಮನೆ ಇಷ್ಟು ಮಾತಾಡಿರಲಿಲ್ಲ. ಆಮೇಲೆ ಬಾಯಿ ಮುಚ್ಚಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

“ಯಾಕ ಸುಮ್ಮಕಾದಿ?”

“ಜಾಹೀರಾತು ಬಂತು. ಬಟ್ಟಿ ಸೋಪಿಂದು.”

ಕವಿತಾಳ ಕಣ್ಣು ಅವ್ವನ ತುಟಿ ಬಿಟ್ಟು ಕದಲಲಿಲ್ಲ.

“ಅದನ್ನೂ ಹೇಳು.”