ಜಯವ್ವ ಹೊರಗ ಬಂದಳೇನು?

"ಆಯಿ, ಜಯವ್ವ ಹೊರಗ ಬಂದ್ಳು," ಎಂದು ಅಂಕಿತಾ ಸುಳ್ಳು ಹೇಳಿದಳು.

ಬೀಜದ ಶೇಂಗಾ ಸುಲಿಯುತ್ತ ಕುಳಿತಿದ್ದ ದಾನವ್ವನ ಕೈ ನಿಂತಿತು. ಚಹಾ ಬಿಟ್ಟು ನಾಲ್ಕು ದಿನವಾಗಿತ್ತು. ತಲೆನೋವಿಗೆ ಹಣೆಯ ಸುತ್ತ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡಿದ್ದಳು. "ಖರೇನು?" ಎಂದವಳೇ ಅಡುಗೆಮನೆಯತ್ತ ಕೂಗಿದಳು. "ಸುಧಾ, ಚಾ ಇಡವಾ! ಶುಂಠಿ ಜಜ್ಜಿ ಹಾಕು!"

ಜಯವ್ವ ಅವರ ಓಣಿಯವಳಲ್ಲ, ಶಿಗ್ಗಾಂವಿಯವಳೂ ಅಲ್ಲ. ಅಂಕಿತಾಳಿಗೆ ಗೆಳತಿ ಫರ್ಹತ ಕೊಟ್ಟ ಇಂಗ್ಲಿಷ್ ಕಾದಂಬರಿಯೊಳಗಿನ ಹುಡುಗಿ. ಅಲ್ಲಿ ಅವಳ ಹೆಸರು ಜೋಯಾ. ಇಲ್ಲಿ ದಾನವ್ವನ ಬಾಯಲ್ಲಿ ಮೊದಲ ದಿನವೇ ಜಯವ್ವ ಆಗಿದ್ದಳು. ರಜೆಯಲ್ಲಿ ಮೊಮ್ಮಗಳಿಗೂ ಅಜ್ಜಿಗೂ ಒಂದು ಕರಾರಿತ್ತು: ಒಂದು ಬುಟ್ಟಿ ಶೇಂಗಾ ಸುಲಿದರೆ ಒಂದು ಅಧ್ಯಾಯದ ಕಥೆ. ಕಣ್ಣಿಗೆ ಪೆಟ್ಟಿಗೆಯಂಥದೊಂದು ಕಟ್ಟಿಕೊಂಡರೆ ಜೋಯಾ ಆಡುವ ಕಂಪ್ಯೂಟರ್ ಆಟದೊಳಗಿನ ಊರು, ಹೊಳೆ, ಯುದ್ಧ ಎಲ್ಲ ನಿಜದಂತೆ ಕಾಣುತ್ತದೆ ಎಂದು ಅಂಕಿತಾ ವಿವರಿಸಲು ಒದ್ದಾಡುತ್ತಿದ್ದಾಗ ದಾನವ್ವ ಥಟ್ಟನೆ ಹೇಳಿದ್ದಳು. "ಗಾಣದ ಎತ್ತಿಗೆ ಕಣ್ಣಿಗೆ ಕಟ್ತಿದ್ರಲ್ಲ, ಹಂಗ. ಅದು ನಿಂತಲ್ಲೇ ಸುತ್ತತೈತಿ, ತಾ ಎಲ್ಲೋ ದೂರ ಹೊಂಟೇನಿ ಅಂದ್ಕೊಂಡಿರತೈತಿ." ಶಾಲೆಯಲ್ಲಿ ಯಾರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ತೊಂದರೆ ಶುರುವಾದದ್ದು ಒಂಬತ್ತನೆಯ ಅಧ್ಯಾಯದಲ್ಲಿ. ಆಟದ ಬಾಗಿಲು ಮುಚ್ಚಿತು. ಜಯವ್ವನೂ ಇನ್ನೂ ಹನ್ನೆರಡು ಮಂದಿಯೂ ಒಳಗೇ ಸಿಕ್ಕಿಬಿದ್ದರು. ಹೊರಗೆ ಮಂಚದ ಮೇಲೆ ಮಗಳ ಮೈ ಮಾತ್ರ ಇತ್ತು, ಪಕ್ಕದಲ್ಲಿ ತಾಯಿ ಕೂತಿದ್ದಳು. ಇದನ್ನು ಕೇಳಿದ ದಾನವ್ವ ಹುಲಗೂರಿನ ದರ್ಗಾದ ದಿಕ್ಕಿಗೆ ಕೈ ಮುಗಿದಳು. "ಆ ಕೂಸು ಹೊರಗ ಬರ್ಲಿ. ದರ್ಗಾಕ್ಕ ಬಂದು ಸಕ್ರಿ ಓದಿಸಿ ಮಂದಿಗೆ ಹಂಚತೇನಿ. ಅಲ್ಲೀತನಕ ಚಾ ಮುಟ್ಟಂಗಿಲ್ಲ."

ಅಂಕಿತಾ ಬಿದ್ದು ಬಿದ್ದು ನಕ್ಕಿದ್ದಳು. ಮರುದಿನ ನಗು ಬರಲಿಲ್ಲ. ದಿನಕ್ಕೆ ಐದು ಸಲ ಚಹಾ ಕುಡಿಯುವ ಮುದುಕಿ ಎರಡನೆಯ ದಿನ ತಲೆ ಹಿಡಿದುಕೊಂಡು ಮಲಗಿದಳು, ಮೂರನೆಯ ದಿನ ಊಟವನ್ನೂ ಅರ್ಧಕ್ಕೇ ಬಿಟ್ಟಳು. "ಅತ್ತಿ, ಅದು ಬರೇ ಕತಿ ರೀ," ಎಂದು ಸೊಸೆ ಸುಧಾರಾಣಿ ಗೋಗರೆದರೆ, "ಕತ್ಯಾಗಿನ ಹುಡುಗಿಗೆ ಹಡದಾಕಿ ಇರೂದಿಲ್ಲೇನು?" ಎಂದಳು. ಸುಧಾರಾಣಿಯ ಸಿಟ್ಟೆಲ್ಲ ಮಗಳ ಮೇಲೆ ತಿರುಗಿತು. "ಕತಿ ಹೇಳಿದಾಕಿ ನೀನ, ಹರಕಿ ಬಿಡಸಾಕಿನೂ ನೀನ. ಇವತ್ತ ಅವರು ಚಾ ಕುಡೀಲಿಲ್ಲಂದ್ರ ಆ ಪುಸ್ತಕ ಒಲಿಗೆ ಹಾಕ್ತೇನಿ ನೋಡು!"

ಹಾಗಾಗಿ ಅಂಕಿತಾ ಬೆಳಿಗ್ಗೆ ಕೂತು ಉಳಿದದ್ದನ್ನೆಲ್ಲ ಒಂದೇ ಉಸಿರಿಗೆ ಓದಿ ಮುಗಿಸಿದಳು. ಕೊನೆಯ ಪುಟದಲ್ಲಿ ಮೈ ಜುಮ್ಮೆಂದಿತು, ಕಣ್ಣು ತುಂಬಿತು. ಅಷ್ಟು ಚೆಂದದ ಪುಸ್ತಕವನ್ನು ಅವಳು ಓದಿರಲೇ ಇಲ್ಲ. ಆದರೆ ಆ ಕೊನೆಯನ್ನು ಆಯಿಗೆ ಹೇಳುವಂತಿರಲಿಲ್ಲ. ಅದಕ್ಕೇ ಈ ಸುಳ್ಳು.

ಚಹಾ ಬಂತು. ಶುಂಠಿಯ ಘಮಕ್ಕೆ ದಾನವ್ವನ ಮುಖ ಅರಳಿತು. ಕಪ್ಪಿನಿಂದ ಬಸಿಗೆ ಸುರಿದುಕೊಂಡು, ಊದಿ, ತುಟಿಯ ತನಕ ತಂದವಳು ಅಲ್ಲೇ ನಿಲ್ಲಿಸಿದಳು.

"ಉಳದ ಹನ್ನೆರಡು ಮಂದಿ?"

"ಅವರು... ಒಳಗ ಅದಾರ."

"ಆ ಸಣ್ಣ ಹುಡುಗಿ? ಜಯವ್ವ ಹೆಗಲ ಮ್ಯಾಲ ಹೊತ್ತು ಹೊಳಿ ದಾಟಿಸಿದ್ಳಲ್ಲ, ಆಕಿ?"

"ಆಕಿನೂ."

ದಾನವ್ವ ಬಸಿಯನ್ನು ನೆಲಕ್ಕಿಟ್ಟಳು. ಮನೆಯ ಮಗಳೇ ಏನೋ ತಪ್ಪು ಮಾಡಿ ಬಂದಂತೆ ಅವಳ ಮುಖ ಸಪ್ಪಗಾಯಿತು. "ಬಿಟ್ಟು ಬಂದ್ಳಾ? ಇಲ್ಲ ತಗೀ, ಹಂಗ ಮಾಡಾಕಿ ಅಲ್ಲ ಆಕಿ."

ಅಂಕಿತಾಳಿಗೆ ಇನ್ನು ತಡೆಯಲಾಗಲಿಲ್ಲ. "ಇಲ್ಲ ಆಯಿ, ಸುಳ್ಳು ಹೇಳಿದೆ. ಬಾಗಿಲಾ ತೆರದಿತ್ತು. ಆದ್ರ ಒಬ್ರು ಹೊರಗ ಬಂದ್ರ ಉಳದವರಿಗೆ ಕಾಯಂ ಮುಚ್ಚತಿತ್ತು. ಆಕಿ ಹೊಸ್ತಿಲದಾಗ ನಿಂತು, ಅವ್ವನ ಮಾರಿ ಒಂದ್ಸಲ ನೋಡಿ, ತಿರುಗಿ ಒಳಗ ಹ್ವಾದ್ಳು. ಮುಂದಿನ ಭಾಗ ಇನ್ನೂ ಬಂದಿಲ್ಲ." ಹೇಳಿ ಮುಗಿಸಿ, ಪುಸ್ತಕವನ್ನು ಎದೆಗವಚಿಕೊಂಡು ಒಲೆಯ ಕಡೆ ನೋಡಿದಳು.

ದಾನವ್ವ ಉದ್ದನೆಯ ಉಸಿರು ಬಿಟ್ಟಳು. ಹಣೆಯ ಬಟ್ಟೆ ಬಿಚ್ಚಿ ಪಕ್ಕಕ್ಕಿಟ್ಟಳು. "ಅದ ಮತ್ತ! ನಮ್ಮ ಜಯವ್ವ ಹಂಗ ಬರಾಕೆಲ್ಲಿ?"

"ಹಂಗಾದ್ರ ನಿಮ್ಮ ಹರಕಿ?" ಬಾಗಿಲಲ್ಲಿ ನಿಂತಿದ್ದ ಸುಧಾರಾಣಿ ಹಣೆ ಚಚ್ಚಿಕೊಂಡಳು.

"ಹರಕಿ ಕಟ್ಟಿದ್ದ ತಪ್ಪಾತು. ಒಬ್ಬಾಕೀನ ಕಳಸು ಅಂತ ಬೇಡಿದ್ದೆ, ಅದು ಆಕಿಗೇ ಬ್ಯಾಡಾಗೇತಿ. ಗುರುವಾರ ಹುಲಗೂರಿಗೆ ಹೋಗೂಣು. ತಪ್ಪಾತು ಅಂತ ಸಕ್ರಿ ಓದಿಸಿ, ಹದಿಮೂರೂ ಮಂದೀನ ಕೂಡೇ ಕಳಸು ಅಂತ ಕೇಳ್ತೇನಿ. ಅದಕ್ಕ ತಡಾ ಆಗತೈತಿ. ಅಲ್ಲೀತನಕ ಚಾ ಬಿಟ್ರ ನಾ ಉಳಿಯೂದಿಲ್ಲ."

ಬಸಿ ಮತ್ತೆ ಮೇಲೆದ್ದಿತು. ಸೊರ್ರೆಂಬ ಸದ್ದು ಕೇಳಿ ಅಂಕಿತಾಳಿಗೆ ನಾಲ್ಕು ದಿನದ ಭಾರ ಇಳಿದಂತಾಯಿತು. ಪುಸ್ತಕ ಉಳಿಯಿತು, ಆಯಿ ಉಳಿದಳು, ಸುಳ್ಳು ಮಾತ್ರ ಉಳಿಯಲಿಲ್ಲ. ನಗು ತಾನಾಗಿಯೇ ಬಂತು.

ಎರಡನೆಯ ಬಸಿ ಸುರಿದುಕೊಳ್ಳುತ್ತ ದಾನವ್ವ ಮತ್ತೆ ಕೈ ನಿಲ್ಲಿಸಿದಳು. "ಅಲ್ಲವಾ, ಅಲ್ಲಿ ಒಳಗ ಆಕಿಗೆ ಚಾ ಸಿಗತೈತೇನು?"

ಅಂಕಿತಾ ನಗು ನಿಲ್ಲಿಸಿ, ಪುಸ್ತಕ ತೆರೆದು, ಮೊದಲ ಪುಟದಿಂದ ಹುಡುಕತೊಡಗಿದಳು.