ಬ್ರೆಡ್ ಬೇಡ, ನಿಮ್ಮ ತೋಳು ಕೊಡಿ

ಮನೆಯಲ್ಲಿ ಮಕ್ಕಳಿರುವವರು ದಯವಿಟ್ಟು ಪೂರ್ತಿ ಓದಿ... ಅರ್ಧಕ್ಕೆ ಬಿಡಬೇಡಿ.

ಹಾಸನದ ಕಡೆಯ ಒಂದು ಊರು. ಅಲ್ಲಿ ಬೇಕರಿ ಯೋಗಣ್ಣನನ್ನು ಅರಿಯದವರಿಲ್ಲ. ಅವನ ಅಂಗಡಿಯಲ್ಲಿ ಬನ್ ಬೇಯುತ್ತಿದ್ದರೆ ಬಸ್‌ಸ್ಟ್ಯಾಂಡಿನವರೆಗೂ ಘಮ.

ಅಂಥವನಿಗೆ ಇದ್ದದ್ದು ಒಂದೇ ಕೊರಗು... ಮಗಳು ಇಂಚರ.

ಹತ್ತು ತುಂಬುತ್ತಾ ಬಂದಿದ್ದರೂ ಆರು ವರ್ಷದವಳಂತೆ ಕಾಣುತ್ತಿದ್ದಳು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಉಬ್ಬು. ಶಾಲೆಯಲ್ಲಿ ಬೆಂಚಿನ ಮೇಲೆ ತಲೆಯಿಟ್ಟು ಮಲಗಿಬಿಡುತ್ತಿದ್ದಳು.

ಜಂತುಹುಳದ ಮಾತ್ರೆ ಆಯಿತು, ಟಾನಿಕ್ ಆಯಿತು. "ಅಜ್ಜಿನೂ ಕುಳ್ಳಗೇ ಇದ್ಲಲ್ಲಾ, ಅವಳ ಹಾಗೇ ಬಿಡು" ಎಂದು ನೆಂಟರು ಸಮಾಧಾನ ಹೇಳಿದರು.

ಯೋಗಣ್ಣನಿಗೆ ಮಾತ್ರ ಕಾರಣ ಸ್ಪಷ್ಟವಾಗಿತ್ತು. ಹುಡುಗಿ ಸರಿಯಾಗಿ ತಿನ್ನುವುದಿಲ್ಲ!

"ಬೇಕರಿಯವನ ಮಗಳು ಬನ್ ಬೇಡ ಅಂದ್ರೆ ಊರೋರು ನಗಲ್ವೇನೇ? ತಿನ್ನು!" ಎಂದು ದಿನಾ ಎದುರಿಗೆ ಕೂತು ತಿನ್ನಿಸುತ್ತಿದ್ದ.

"ಹೊಟ್ಟೆ ನೋಯ್ತದಪ್ಪಾ..."

"ನಿಂದು ಬರೀ ನಾಟಕ!"

ಅವಳ ಹುಟ್ಟುಹಬ್ಬ ಬಂತು. ರೋಗಿಗಳ ಹಾರೈಕೆ ತಟ್ಟಿಯಾದರೂ ಮಗಳು ಬೆಳೆಯಲಿ ಎಂದು ಸರ್ಕಾರಿ ಆಸ್ಪತ್ರೆಯಲ್ಲಿ ಹಾಲು-ಬ್ರೆಡ್ ಹಂಚಲು ಹೊರಟ. ಫೋಟೋ ಹಿಡಿಯಲು ಗೆಳೆಯರೂ ಜೊತೆಗಿದ್ದರು.

ಮಕ್ಕಳ ವಾರ್ಡಿನಲ್ಲಿ ಒಬ್ಬ ತಾಯಿ, ಬ್ರೆಡ್ಡಿಗೆ ಚಾಚಿದ ತನ್ನ ಕೂಸಿನ ಕೈಯನ್ನು ಹಿಂದಕ್ಕೆಳೆದುಕೊಂಡಳು. ಅವಳ ಹೆಸರು ಮಂಗಳ.

"ತಗೊಳಮ್ಮ, ಇವತ್ತೇ ಮಾಡಿದ್ದು."

"ಬ್ಯಾಡ ಕಣಣ್ಣ."

"ಯಾಕೆ? ನಾನೇನು ವಿಷ ಹಾಕಿದೀನಾ?" ಗೆಳೆಯರು ಗೊಳ್ಳೆಂದು ನಕ್ಕರು.

ಮಂಗಳ ನಗಲಿಲ್ಲ. "ಊರಿಗೆಲ್ಲ ಅಮೃತ ಇರಬೋದು. ನನ್ ಮಗೀಗೆ ವಿಷಾನೇ ಕಣಣ್ಣ."

ನಗು ನಿಂತಿತು. ಯೋಗಣ್ಣನ ಮುಖ ಕೆಂಪಾಯಿತು...

ಪಕ್ಕದ ಮಂಚದ ಬಳಿಯಿದ್ದ ಡಾಕ್ಟರ್ ಶೈಲಜಾ ಹತ್ತಿರ ಬಂದರು. "ಅವರು ಹೇಳಿದ್ದು ನಿಜ. ಇದಕ್ಕೆ ಸೀಲಿಯಾಕ್ ಅಂತಾರೆ. ಇದು ಇದ್ದವರು ಗೋಧಿ ತಿಂದಾಗ ಕರುಳಿನ ಒಳಪದರ ಹಾಳಾಗುತ್ತೆ. ಎಷ್ಟು ತಿಂದ್ರೂ ಮೈಗೆ ಹತ್ತಲ್ಲ."

ಯೋಗಣ್ಣನ ಕಣ್ಣ ಮುಂದೆ ಮಗಳ ಮುಖ ಸುಳಿದು ಹೋಯಿತು. ತಕ್ಷಣ ತಳ್ಳಿಹಾಕಿದ. ಮೂರು ತಲೆಮಾರಿನ ಬೇಕರಿ ಮನೆತನ... ಮೈದಾ ಹಿಟ್ಟಿನಲ್ಲೇ ಹುಟ್ಟಿ ಬೆಳೆದವರು. ನಮಗೆ ಗೋಧಿ ಒಗ್ಗದೇ?

ಮಂಗಳ ಮತ್ತೆ ಬಾಯಿ ತೆರೆದಳು.

"ಈ ಮೇಡಂ ಇದೇ ಕಾಯಿಲೆ ಬಗ್ಗೆ ಮಕ್ಳು, ದೊಡ್ಡೋರು ಇಬ್ರಲ್ಲೂ ಅಧ್ಯಯನ ಮಾಡ್ತಾವ್ರೆ. ಕಾಯಿಲೆ ಇರೋರು ಸಿಗ್ತಾರಂತೆ. ಹೋಲಿಸಿ ನೋಡೋಕೆ ಗಟ್ಟಿಮುಟ್ಟಾಗಿರೋರು ಬೇಕಲ್ಲ... ರಕ್ತ ತೆಗೆಯೋ ಸೂಜಿ ಅಂದ್ರೆ ಎಲ್ರೂ ಓಡೋಗ್ತಾರೆ. ಬ್ರೆಡ್ ಬ್ಯಾಡ ಕಣಣ್ಣ. ಕೊಡೋ ಹಂಗಿದ್ರೆ ನಿಮ್ ತೋಳು ಕೊಡಿ."

ಗೆಳೆಯರ ಮೊಬೈಲುಗಳೆಲ್ಲ ಯೋಗಣ್ಣನತ್ತಲೇ ಇದ್ದವು. ಹಿಂದೆ ಸರಿಯುವಂತಿರಲಿಲ್ಲ.

"ಇದರಿಂದ ನಿಮಗೆ ಲಾಭ ಆಗುತ್ತೆ ಅಂತ ನಾನು ಹೇಳಲ್ಲ" ಎಂದರು ಡಾಕ್ಟರ್. "ಬಲವಂತಾನೂ ಇಲ್ಲ. ನಡುವೆ ಬೇಡ ಅನ್ನಿಸಿದ್ರೆ ಬಿಡಬಹುದು. ಏನಾದ್ರೂ ಕಂಡುಬಂದ್ರೆ ತಿಳಿಸ್ತೀವಿ."

"ಏನು ಕಾಣ್ತದೆ ಮೇಡಂ? ಗುಂಡುಕಲ್ಲಿನಂಗಿದೀನಿ!" ಎನ್ನುತ್ತಾ ಯೋಗಣ್ಣ ಜಂಭದಿಂದಲೇ ತೋಳು ಚಾಚಿದ.

ಕೆಲವು ವಾರಗಳ ನಂತರ ಡಾಕ್ಟರರ ಫೋನ್ ಬಂತು. "ಒಮ್ಮೆ ಬಂದು ಹೋಗ್ತೀರಾ?"

ಹೋದ. ರಕ್ತಪರೀಕ್ಷೆಯಲ್ಲಿ ಸೀಲಿಯಾಕ್ ಸುಳಿವು ಸಿಕ್ಕಿದ್ದು... ಅವನಿಗೇ!

"ನಂಗಾ? ನಂಗೆ ಒಂದಿನ ಹೊಟ್ಟೆನೋವೇ ಬಂದಿಲ್ವಲ್ಲಾ!"

"ಕೆಲವರಿಗೆ ಹೊಟ್ಟೆನೋವೇ ಬರಲ್ಲ. ರಕ್ತ ಕಡಿಮೆ ಇರುತ್ತೆ, ಬಾಯಿಹುಣ್ಣು ಆಗ್ತಿರುತ್ತೆ..."

ಯೋಗಣ್ಣ ನಾಲಿಗೆಯಿಂದ ಕೆನ್ನೆಯ ಒಳಭಾಗ ಸವರಿಕೊಂಡ. ವರ್ಷಗಳಿಂದ ಕಾಡುತ್ತಿದ್ದ ಹುಣ್ಣು. ಉಷ್ಣ ಎಂದುಕೊಂಡಿದ್ದ.

"ಇದು ಒಂದೇ ಕುಟುಂಬದಲ್ಲಿ ಹಲವರಿಗೆ ಇರಬಹುದು" ಎಂದರು ಡಾಕ್ಟರ್. "ಮನೇಲಿ ಮಕ್ಕಳಿದಾರಾ?"

ಯೋಗಣ್ಣ ಎದ್ದವನೇ ಮಗಳನ್ನು ಕರೆತರಲು ಶಾಲೆಗೆ ಓಡಿದ.

ಇಂಚರಳ ರಕ್ತಪರೀಕ್ಷೆಯಾಯಿತು. ಅವಳ ರಕ್ತದಲ್ಲಿ ಕಾಯಿಲೆ ಸೂಚಿಸುವ ಅಂಶ ಅಪ್ಪನಿಗಿಂತ ಎಷ್ಟೋ ಪಟ್ಟು ಹೆಚ್ಚಿತ್ತು.

"ಮೇಡಂ, ಇವತ್ತಿಂದ ಅವಳ ಬಾಯಿಗೆ ಗೋಧಿ ಸೋಕಿಸಲ್ಲ!" ಎಂದು ಯೋಗಣ್ಣ ಕೂಗಿಯೇಬಿಟ್ಟ.

"ಈಗಲೇ ನಿಲ್ಲಿಸಬೇಡಿ" ಎಂದರು ಡಾಕ್ಟರ್. "ಸೋಮವಾರ ಎಂಡೋಸ್ಕೋಪಿ ಮಾಡಿ, ಬಾಯಿಂದ ಕೊಳವೆ ಇಳಿಸಿ ಕರುಳು ನೋಡಿ ಖಚಿತ ಮಾಡ್ಕೋಬೇಕು. ಮೊದಲೇ ಬಿಟ್ರೆ ಕರುಳು ಸುಧಾರಿಸೋಕೆ ಶುರುವಾಗಿ ಕಾಯಿಲೆ ಕಾಣದೇ ಹೋಗಬಹುದು. ಸೋಮವಾರದವರೆಗೆ ದಿನಾ ತಿನ್ನೋ ಹಾಗೇ ತಿನ್ನಲಿ."

ಗೊತ್ತಿಲ್ಲದಾಗ ಕೊಟ್ಟದ್ದನ್ನೇ... ಇನ್ನು ಗೊತ್ತಿದ್ದೂ ಕೊಡಬೇಕು!

ಅಂದು ಸಂಜೆ ಮಗಳ ಎದುರಿಗೆ ಕೂತ. ಬನ್ ಮುರಿದ. ತುಂಡು ಕೈಯಲ್ಲೇ ಉಳಿಯಿತು.

ಇಂಚರ ಅಪ್ಪನ ಮುಖವನ್ನೇ ನೋಡಿದಳು. "ಅಪ್ಪಾ, ಇವತ್ತು ಬಯ್ಯಲ್ವಾ?"

ಯೋಗಣ್ಣನ ಕಣ್ಣಿಂದ ನೀರು ಇಳಿಯಿತು.

ಮಗಳು ಗಾಬರಿಯಾಗಿ ಬನ್ನನ್ನು ಅವನ ಕೈಯಿಂದ ಕಿತ್ತುಕೊಂಡು ಬಾಯಿಗೆ ತುರುಕಿಕೊಂಡಳು. "ಅಳಬೇಡಪ್ಪಾ... ನೋಡು, ಪೂರ್ತಿ ತಿಂತೀನಿ..."

ಎಂಡೋಸ್ಕೋಪಿಯಲ್ಲಿ ಅಪ್ಪ-ಮಗಳು ಇಬ್ಬರಿಗೂ ಕಾಯಿಲೆ ಇರುವುದು ಖಚಿತವಾಯಿತು. ಜೀವನಪೂರ್ತಿ ಗೋಧಿ, ಬಾರ್ಲಿ ತಿನ್ನುವಂತಿಲ್ಲ. ಅನ್ನ, ರಾಗಿ ಮುದ್ದೆ, ಜೋಳದ ರೊಟ್ಟಿಗೆ ಅಡ್ಡಿಯಿಲ್ಲ. ಚಿಕಿತ್ಸೆ ಅಷ್ಟೇ!

ಹೊಟ್ಟೆನೋವು ಮೊದಲು ನಿಂತಿತು. ಮೈ ನಿಧಾನವಾಗಿ ತುಂಬಿತು. ವರ್ಷ ಕಳೆಯುವಷ್ಟರಲ್ಲಿ ಇಂಚರಳ ಯೂನಿಫಾರಂ ಮೊಣಕಾಲಿನಿಂದ ಮೇಲಕ್ಕೆ ಹೋಗಿತ್ತು.

"ಅಪ್ಪಾ, ಮುದ್ದೆ ಇನ್ನೊಂಚೂರು ಹಾಕು" ಎಂದು ಅವಳೇ ತಟ್ಟೆ ಮುಂದೆ ತಳ್ಳಿದ ದಿನ, ಯೋಗಣ್ಣ ಹಾಕಿದ್ದು ಒಂಚೂರಲ್ಲ... ಇಡೀ ಮುದ್ದೆ.

*

ಯಾರದೋ ಮಗುವಿಗಾಗಿ ಚಾಚಿದ ತೋಳು, ನಮಗೆ ಗೊತ್ತಿಲ್ಲದೆಯೇ ನಮ್ಮ ಮಗುವನ್ನೂ ಎತ್ತಿಕೊಳ್ಳಬಹುದು.

ನಾಳೆ ನಿಮ್ಮೂರಿನ ಆಸ್ಪತ್ರೆಯಲ್ಲಿ "ಅಧ್ಯಯನಕ್ಕೆ ಆರೋಗ್ಯವಂತರು ಬೇಕು" ಎಂದು ಕೇಳಿದರೆ... ನೀವು ನಿಂತು ವಿಚಾರಿಸುತ್ತೀರಾ, ಇಲ್ಲ ನೋಡದವರಂತೆ ಮುಂದೆ ಹೋಗುತ್ತೀರಾ?